ಬರ್ಮಿಂಗ್‌ಹ್ಯಾಮ್ ತಂಡ ಇನ್ನೂ ಆಡುತ್ತಿದೆ

ಶಿರಸಿಯ ಹಿರಿಯ ಓದುಗರೊಬ್ಬರ ಪತ್ರ: ‘ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ವಿಶ್ವವಿದ್ಯಾಲಯ ಖರ್ಚು ತಾಳಲಾರದೆ 2014ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವನ್ನು ಮುಚ್ಚಿತು ಎಂದು ಬರೆದಿದ್ದೀರಿ. ನಾನು 2025ರ ಅಕ್ಟೋಬರ್‌ನಲ್ಲಿ ಮಗಳ ಊರಿಗೆ ಹೋದಾಗ ಅದೇ ತಂಡದ ಆಟ ನೋಡಿ, ಹಸಿರು ಟೋಪಿಯನ್ನೂ ಕೊಂಡು ಬಂದೆ. ಮುಚ್ಚಿದ ತಂಡ ಹೇಗೆ ಆಡಿತು?’

ಉತ್ತರ: ಟೋಪಿಯ ಚಿತ್ರವನ್ನೂ ಕಳಿಸಿ ನಮ್ಮ ಬಾಯಿ ಮುಚ್ಚಿಸಿದ್ದೀರಿ. ತಪ್ಪು ನಮ್ಮದು, ಅರ್ಧ ಕಥೆಯನ್ನೇ ಪೂರ್ತಿ ಎಂಬಂತೆ ಅಚ್ಚು ಹಾಕಿದೆವು.

ಮುಚ್ಚಿದ್ದಂತೂ ನಿಜ. ಆ ವರ್ಷ ತಂಡ ಆರು ಗೆದ್ದು ಆರು ಸೋತಿತ್ತು. ಹತ್ತು ವರ್ಷಗಳಲ್ಲಿ ಅದರ ಅತ್ಯುತ್ತಮ ಸಾಧನೆ ಅದು. ಕೊನೆಯ ಪಂದ್ಯ ಗೆದ್ದ ಮೂರೇ ದಿನಕ್ಕೆ, ಡಿಸೆಂಬರ್ 2ರಂದು, ವಿಶ್ವವಿದ್ಯಾಲಯದ ಅಧ್ಯಕ್ಷ ರೇ ವಾಟ್ಸ್ ಆಟಗಾರರನ್ನು ಕೂರಿಸಿಕೊಂಡು ವಿಷಯ ತಿಳಿಸಿದರು. ತಂಡ ಉಳಿಯಬೇಕಾದರೆ ಮುಂದಿನ ಐದು ವರ್ಷಕ್ಕೆ ಹೆಚ್ಚುವರಿಯಾಗಿ 4.9 ಕೋಟಿ ಡಾಲರ್ ಬೇಕು ಎಂಬುದು ಅವರ ಲೆಕ್ಕ. ಸೇನೆಯಲ್ಲಿದ್ದು ಬಂದ ಆಟಗಾರನೊಬ್ಬ ಎದ್ದು ನಿಂತು ಅಧ್ಯಕ್ಷರನ್ನು ತರಾಟೆಗೆ ತೆಗೆದುಕೊಂಡ. ಯಾರದೋ ಮೊಬೈಲ್‌ನಲ್ಲಿ ಸೆರೆಯಾದ ಆ ದೃಶ್ಯವನ್ನು ದೇಶವೇ ನೋಡಿತು.

ಊರಿನವರ ಸಿಟ್ಟಿಗೆ ಹಳೆಯ ಬೇರುಗಳಿದ್ದವು. ಈ ವಿಶ್ವವಿದ್ಯಾಲಯವೂ ಟಸ್ಕಲೂಸಾದ ಪ್ರಸಿದ್ಧ ಅಲಬಾಮಾ ವಿಶ್ವವಿದ್ಯಾಲಯವೂ ಒಂದೇ ಆಡಳಿತ ಮಂಡಳಿಯ ಕೆಳಗಿವೆ. ಮಂಡಳಿಯದು ಮಲತಾಯಿ ಧೋರಣೆ ಎಂಬುದು ಬರ್ಮಿಂಗ್‌ಹ್ಯಾಮ್ ಅಭಿಮಾನಿಗಳ ನಿತ್ಯದ ದೂರು. ಆದರೆ ದೂರುತ್ತಾ ಕೂರದೆ ಜನ ಜೇಬಿಗೆ ಕೈ ಹಾಕಿದ್ದು ನನಗೆ ಹಿಡಿಸಿದ ಸಂಗತಿ. ಉದ್ಯಮಿಗಳು, ಹಳೆಯ ವಿದ್ಯಾರ್ಥಿಗಳು ಹಣದ ವಾಗ್ದಾನ ಕೊಟ್ಟರು. ವಿಶ್ವವಿದ್ಯಾಲಯದ ಲೆಕ್ಕವನ್ನು ಬೇರೆ ತಜ್ಞರು ಪ್ರಶ್ನಿಸಿದರು. 2015ರ ಜೂನ್ 1ರಂದು ಅದೇ ವಾಟ್ಸ್ ತಂಡವನ್ನು ಮರಳಿ ಕಟ್ಟುವುದಾಗಿ ಘೋಷಿಸಿದರು.

ಕಟ್ಟುವುದು ಯಾರನ್ನು ಇಟ್ಟುಕೊಂಡು? ಹತ್ತಾರು ಆಟಗಾರರು ಆಗಲೇ ಬೇರೆಡೆಗೆ ಚದುರಿದ್ದರು. ಕೋಚ್ ಬಿಲ್ ಕ್ಲಾರ್ಕ್ ಮಾತ್ರ ಊರು ಬಿಡಲಿಲ್ಲ. 2015, 2016 ಎರಡೂ ವರ್ಷ ಒಂದೂ ಪಂದ್ಯವಿಲ್ಲ, ಹೊಸ ಹುಡುಗರನ್ನು ಹುಡುಕುವುದು, ಅಭ್ಯಾಸ ಮಾಡಿಸುವುದು ಅಷ್ಟೇ. ಎದುರಾಳಿಯೇ ಇಲ್ಲದ ತಂಡಕ್ಕೆ ದಿನವೂ ಬೆವರು ಸುರಿಸಲು ಹೇಳುವ ಕೋಚ್‌ನ ಪಾಡನ್ನು ಊಹಿಸಿಕೊಳ್ಳಿ. 2017ರ ಸೆಪ್ಟೆಂಬರ್‌ನಲ್ಲಿ ತಂಡ ತನ್ನ ಹಳೆಯ ಮೈದಾನ ಲೀಜನ್ ಫೀಲ್ಡ್‌ಗೆ ಮರಳಿದಾಗ 45,000ಕ್ಕೂ ಹೆಚ್ಚು ಜನ ಸೇರಿದ್ದರು. ಆ ವರ್ಷ ಎಂಟು ಗೆಲುವು. 2018ರಲ್ಲಿ ಹನ್ನೊಂದು, ಜೊತೆಗೆ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಸೆಣಸುವ ಕಾಲೇಜು ತಂಡಗಳ ಗುಂಪು) ಪ್ರಶಸ್ತಿ. 2020ರಲ್ಲಿ ಅದೇ ಪ್ರಶಸ್ತಿ ಮತ್ತೊಮ್ಮೆ. 2021ರಲ್ಲಿ ಹೊಸ ಕ್ರೀಡಾಂಗಣವೂ ಬಂತು.

ಮುಂದಿನದು ಅಷ್ಟು ಸೊಗಸಾಗಿಲ್ಲ. 2022ರಲ್ಲಿ ಬೆನ್ನುನೋವಿನಿಂದಾಗಿ ಕ್ಲಾರ್ಕ್ ನಿವೃತ್ತರಾದರು. 2023ರಲ್ಲಿ ತಂಡ ಇನ್ನೂ ಬಲವಾದ ಅಮೆರಿಕನ್ ಕಾನ್ಫರೆನ್ಸ್‌ಗೆ ಸೇರಿತು. ಹೊಸ ಕೋಚ್ ಟ್ರೆಂಟ್ ಡಿಲ್ಫರ್ ಸೂಪರ್ ಬೌಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನ ಅಂತಿಮ ಪಂದ್ಯ) ಗೆದ್ದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಆಟಗಾರ, ಆದರೆ ಅದಕ್ಕೆ ಮುಂಚೆ ತರಬೇತಿ ಕೊಟ್ಟದ್ದು ಪ್ರೌಢಶಾಲಾ ತಂಡಕ್ಕೆ. ಒಂಬತ್ತು ಗೆಲುವು, ಇಪ್ಪತ್ತೊಂದು ಸೋಲಿನ ಬಳಿಕ 2025ರ ಅಕ್ಟೋಬರ್‌ನಲ್ಲಿ ಅವರನ್ನು ತೆಗೆದುಹಾಕಿದರು. ವಾರ ಕಳೆಯುವ ಮೊದಲೇ, ಅಕ್ಟೋಬರ್ 18ರಂದು, ಹಂಗಾಮಿ ಕೋಚ್ ಅಲೆಕ್ಸ್ ಮಾರ್ಟೆನ್ಸನ್ ಕೈಕೆಳಗೆ ಅದೇ ಹುಡುಗರು ಅದುವರೆಗೆ ಸೋಲನ್ನೇ ಕಾಣದ ಮೆಂಫಿಸ್ ತಂಡವನ್ನು 31-24ರಿಂದ ಮಣಿಸಿದರು.

ತಾವು ನೋಡಿದ ಆಟ ಅದೇ ಏನು? ಪತ್ರದಲ್ಲಿ ತಾರೀಖು ಬರೆದಿಲ್ಲ. ಅದೇ ಆಗಿದ್ದರೆ ಒಂದು ಪುಟ ಬರೆದು ಕಳಿಸಿ, ಟೋಪಿಯ ಚಿತ್ರದೊಂದಿಗೆ ಹಾಕುತ್ತೇವೆ.

— ಸಂಪಾದಕ