ಬೇವಿನ ಕಷಾಯದಲ್ಲಿ ಹುಟ್ಟಿದ ಬೆಳ್ಳಿಯ ಕಣ: ಗಾಯಕ್ಕೆ ಹಚ್ಚಬಹುದೇ?

ಪ್ರಶ್ನೆ: ನನ್ನ ಮಗಳು ಎಂ.ಎಸ್ಸಿ. ಓದುತ್ತಿದ್ದಾಳೆ. ಕಬ್ಬಿನ ಸಿಪ್ಪೆಯಿಂದ ತೆಗೆದ ನ್ಯಾನೊಸೆಲ್ಯುಲೋಸ್ (ಸಸ್ಯನಾರಿನ ಅತಿ ಸೂಕ್ಷ್ಮ ಎಳೆಗಳು) ಮೇಲೆ ಬೇವಿನೆಲೆಯ ಕಷಾಯ ಬಳಸಿ ಬೆಳ್ಳಿಯ ನ್ಯಾನೊಕಣ ಕೂರಿಸುವುದು ಅವಳ ಪ್ರಾಜೆಕ್ಟ್. ಅದಕ್ಕೆ ಬ್ಯಾಕ್ಟೀರಿಯಾ ಸಾಯುತ್ತವಂತೆ. ಬೇವೇ ರೋಗಾಣು ಕೊಲ್ಲುವಾಗ ಬೆಳ್ಳಿ ಏಕೆ ಬೇಕು? ಎಲ್ಲ ಗಿಡದಿಂದಲೇ ಬಂದದ್ದಾದ್ದರಿಂದ ಮನೆಯಲ್ಲೇ ಮಾಡಿ ಗಾಯಕ್ಕೆ ಹಚ್ಚಬಹುದೇ?
– ಓದುಗರು, ಮಂಡ್ಯ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಚ್ಚಬೇಡಿ. ಮಗಳ ಕೆಲಸ ಒಳ್ಳೆಯದೇ. ಆದರೆ ಬೇವಿನ ಜೊತೆ ಸೇರಿತೆಂದು ಬೆಳ್ಳಿ ಸೌಮ್ಯವಾಗುವುದಿಲ್ಲ.

ಈ ಪ್ರಯೋಗದಲ್ಲಿ ಬೇವಿನ ಮುಖ್ಯ ಕೆಲಸ ರೋಗಾಣು ಕೊಲ್ಲುವುದಲ್ಲ. ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಬೆಳ್ಳಿ ಅಯಾನುಗಳಾಗಿ, ಅಂದರೆ ವಿದ್ಯುದಂಶವಿರುವ ಪರಮಾಣುಗಳಾಗಿ, ಕರಗಿರುತ್ತದೆ. ಕಷಾಯದ ಪಾಲಿಫಿನಾಲ್‌ನಂಥ ಅಂಶಗಳು ಅವಕ್ಕೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ. ಸೋಡಿಯಂ ಬೋರೊಹೈಡ್ರೈಡ್‌ನಂಥ ಉಗ್ರ ರಾಸಾಯನಿಕ ಮಾಡುತ್ತಿದ್ದ ಕೆಲಸ ಇದು. ಬೇವಿನೆಲೆಯಿಂದ ಇದು ಸಾಧ್ಯವೆಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ 2004ರಲ್ಲಿ ತೋರಿಸಿತು.

ಹಾಗೆ ಹುಟ್ಟಿದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟಾದರೆ ಮೇಲ್ಮೈ ಕಡಿಮೆ, ಪರಿಣಾಮವೂ ಕಡಿಮೆ. ನ್ಯಾನೊಸೆಲ್ಯುಲೋಸ್ ಬೇಕಾಗುವುದು ಇಲ್ಲಿ. ಅದರ ಎಳೆಗಳ ಮೇಲಿನ ಹೈಡ್ರಾಕ್ಸಿಲ್ ಎಂಬ ಪರಮಾಣು ಗುಂಪುಗಳು, ಆಕ್ಸಿಡೀಕರಿಸಿದ್ದರೆ ಕಾರ್ಬಾಕ್ಸಿಲ್ ಗುಂಪುಗಳು, ಬೆಳ್ಳಿಯನ್ನು ಅಲ್ಲಲ್ಲೇ ಹಿಡಿದಿಡುತ್ತವೆ. ಕಣಗಳು ಚದುರಿ ಕೂರುತ್ತವೆ, ನೀರಿಗೆ ಸುಲಭವಾಗಿ ಕಳಚಿ ಹೋಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಕಷಾಯಕ್ಕಿಂತ ಈ ಹಿಡಿತವೇ ದೊಡ್ಡ ಸಂಗತಿ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ನೀರಿನ ಫಿಲ್ಟರ್‌ನಲ್ಲೂ ಭತ್ತದ ಹೊಟ್ಟಿನ ಬೂದಿಯ ಮೇಲೆ ನ್ಯಾನೊ ಬೆಳ್ಳಿಯನ್ನು ಕೂರಿಸಿದ್ದರು.

ಬ್ಯಾಕ್ಟೀರಿಯಾ ಸಾಯುವುದು ಬಹುಮಟ್ಟಿಗೆ ಕಣಗಳಿಂದ ನಿಧಾನವಾಗಿ ಬಿಡುಗಡೆಯಾಗುವ ಬೆಳ್ಳಿ ಅಯಾನುಗಳಿಂದ. ಅವು ಗಂಧಕವಿರುವ ಪ್ರೋಟೀನುಗಳಿಗೆ ಅಂಟಿ, ಜೀವಕೋಶದ ಪೊರೆಯನ್ನೂ ಉಸಿರಾಟದ ವ್ಯವಸ್ಥೆಯನ್ನೂ ಕೆಡಿಸುತ್ತವೆ.

ಮಗಳಿಗೆ ಒಂದು ಮಾತು ಹೇಳಿ. ದ್ರಾವಣ ಹಳದಿ-ಕಂದು ಬಣ್ಣಕ್ಕೆ ತಿರುಗಿ, ಬೆಳಕು ಹೀರಿಕೆ ಅಳೆದಾಗ 400ರಿಂದ 450 ನ್ಯಾನೊಮೀಟರ್ ತರಂಗಾಂತರದ ನಡುವೆ ಶಿಖರ ಕಂಡರೆ ಕಣ ಹುಟ್ಟಿದೆ ಎನ್ನಲು ಒಳ್ಳೆಯ ಸೂಚನೆ. ಅಷ್ಟರಿಂದ ರೋಗಾಣು ಕೊಂದದ್ದು ಆ ಕಣವೇ ಎಂದು ಸಾಬೀತಾಗುವುದಿಲ್ಲ. ಉಳಿದುಹೋದ ಸಿಲ್ವರ್ ನೈಟ್ರೇಟೇ ಕೊಂದಿರಬಹುದು, ಅದು ತಾನೇ ಪ್ರಬಲ ರೋಗಾಣುನಾಶಕ. ಆದ್ದರಿಂದ ವಸ್ತುವನ್ನು ಚೆನ್ನಾಗಿ ತೊಳೆದು, ಬರೀ ಕಷಾಯ, ಬರೀ ನ್ಯಾನೊಸೆಲ್ಯುಲೋಸ್, ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್ ಇವನ್ನೂ ಪಕ್ಕದಲ್ಲಿಟ್ಟು ಪರೀಕ್ಷಿಸಬೇಕು. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಜೆಲ್ಲಿಯ ತಟ್ಟೆಯಲ್ಲಿ ಅವು ಬೆಳೆಯದೆ ಉಳಿದ ಖಾಲಿ ವಲಯ ಚಿಕ್ಕದಾಯಿತೆಂದು ಅವಳು ಬೇಸರಪಡಬೇಕಿಲ್ಲ. ಎಳೆಗೆ ಬಿಗಿಯಾಗಿ ಅಂಟಿದ ಬೆಳ್ಳಿ ಅಗರ್‌ನಲ್ಲಿ ಹರಡುವುದಿಲ್ಲ, ಮುಟ್ಟಿದ ರೋಗಾಣುವನ್ನು ಕೊಲ್ಲುತ್ತಿರಬಹುದು. ದ್ರವದಲ್ಲಿ ಬ್ಯಾಕ್ಟೀರಿಯಾ ಎಣಿಕೆ ಮಾಡಿದರೆ ನಿಜ ತಿಳಿಯುತ್ತದೆ.

ಇನ್ನು ಗಾಯದ ವಿಷಯ. ಸುಟ್ಟಗಾಯಕ್ಕೆ ವೈದ್ಯರು ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು 1960ರ ದಶಕದ ಕೊನೆಯಿಂದ ಬಳಸುತ್ತ ಬಂದಿದ್ದಾರೆ. ಅದರಲ್ಲಿ ಬೆಳ್ಳಿಯ ಪ್ರಮಾಣ ಗೊತ್ತಿರುತ್ತದೆ. ಮನೆಯ ತಯಾರಿಕೆಯಲ್ಲಿ ಪ್ರಮಾಣ ಗೊತ್ತಿಲ್ಲ, ಶುದ್ಧತೆಯೂ ಇಲ್ಲ. ಉಳಿದ ಸಿಲ್ವರ್ ನೈಟ್ರೇಟ್ ಚರ್ಮವನ್ನು ಸುಡುತ್ತದೆ, ಹೆಚ್ಚಾದ ಬೆಳ್ಳಿ ಗಾಯ ಮಾಯಿಸುವ ಜೀವಕೋಶಗಳಿಗೂ ಹಾನಿ. ಕುಡಿಯುವುದಂತೂ ಬೇಡವೇ ಬೇಡ: ದೇಹದಲ್ಲಿ ಬೆಳ್ಳಿ ಸೇರುತ್ತ ಹೋದರೆ ಚರ್ಮ ಶಾಶ್ವತವಾಗಿ ಬೂದು-ನೀಲಿಯಾಗುತ್ತದೆ. ಕಂಡಕಂಡಲ್ಲಿ ಬಳಸಿದರೆ ರೋಗಾಣುಗಳೂ ಒಗ್ಗಿಕೊಳ್ಳುತ್ತವೆ. ಸಿಲ್ವರ್ ನೈಟ್ರೇಟ್‌ಗೆ ಜಗ್ಗದ ಸಾಲ್ಮೊನೆಲ್ಲಾ 1975ರಷ್ಟು ಹಿಂದೆಯೇ ವರದಿಯಾಗಿತ್ತು.

ತೊಳೆದ ನೀರನ್ನು ಸಿಂಕಿಗೆ ಚೆಲ್ಲಬಾರದೆಂದೂ ಮಗಳಿಗೆ ಹೇಳಿ. ಉಪ್ಪು ಹಾಕಿದರೆ ಕರಗಿದ ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿ ಬೆಳ್ಳಗೆ ತಳಕ್ಕಿಳಿಯುತ್ತದೆ. ಅದನ್ನು ಸೋಸಿ, ಕಣಗಳಿರುವ ದ್ರವವನ್ನು ಬೇರೆ ಬಾಟಲಿಯಲ್ಲಿ ತುಂಬಿ, ಎರಡನ್ನೂ ಪ್ರಯೋಗಾಲಯದ ಲೋಹತ್ಯಾಜ್ಯಕ್ಕೆ ಸೇರಿಸಲಿ.