ಅದೇ ಕಾರು, ಅದೇ ಕೆಂಪು, ಭಾವಮೈದುನನ ಅಂಗಳದಲ್ಲಿ

ಪ್ರಶ್ನೆ: ನನಗೆ 43 ವರ್ಷ. ಶಿರಸಿಯಲ್ಲಿ ಅಡಿಕೆ ವ್ಯಾಪಾರ, ಊರಿನಲ್ಲಿ ತೋಟ. ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಿಂದ 2017ರ ಕೆಂಪು ಬಣ್ಣದ ಫೋರ್ಡ್ ಮಸ್ಟಾಂಗ್ ಕಾರನ್ನು ಸೆಕೆಂಡ್ ಹ್ಯಾಂಡ್ ತಂದೆ. ಕಾಲೇಜಿನ ದಿನಗಳಿಂದ ಕಂಡ ಕನಸು ಅದು. ಆಗ ನಮ್ಮ ಸೀಮೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಪೇಟೆಗೆ ಒಯ್ದರೆ ಮಕ್ಕಳು ಮುತ್ತಿಕೊಳ್ಳುತ್ತಿದ್ದರು. ಈಗ ಶನಿವಾರ ಬಂತೆಂದರೆ ಗೋವಾಕ್ಕೆ ಹೋಗುವವರ ಸಾಲಿನಲ್ಲಿ ಅದೇ ಕಾರು ಕಾಣುತ್ತದೆ. ಅದನ್ನೂ ಸಹಿಸಿಕೊಂಡೆ. ಆದರೆ ಕಾರವಾರದಲ್ಲಿ ಗುತ್ತಿಗೆ ಕೆಲಸ ಮಾಡಿಸುವ ನನ್ನ ಹೆಂಡತಿಯ ತಮ್ಮ ಕಳೆದ ದೀಪಾವಳಿಗೆ ಅದೇ ಕಾರನ್ನು, ಅದೇ ಕೆಂಪು ಬಣ್ಣದ್ದನ್ನೇ ತಂದಿದ್ದಾನೆ. ಅವನನ್ನು ಮೊದಲ ಸಲ ನನ್ನ ಕಾರಿನಲ್ಲಿ ಕೂರಿಸಿಕೊಂಡು ಗೋಕರ್ಣಕ್ಕೆ ಹೋಗಿಬಂದವನು ನಾನೇ. ಮೊನ್ನೆ ಕಾರವಾರದ ಕಡಲತೀರದಲ್ಲಿ ನಿಲ್ಲಿಸಿದ್ದಾಗ ಪರಿಚಯದವರೊಬ್ಬರು ಬಂದು “ಓ, ಅವರ ಗಾಡಿ ತಂದಿದ್ದೀರಾ?” ಎಂದು ಕೇಳಿದರು. ಅಂದಿನಿಂದ ಕಾರು ಶೆಡ್ಡು ಬಿಟ್ಟು ಹೊರಗೆ ಬಂದಿಲ್ಲ. ಮುಂದಿನ ತಿಂಗಳು ಅವನ ಹೊಸ ಮನೆಯ ಗೃಹಪ್ರವೇಶ. ಹೋಗಲು ಮನಸ್ಸಿಲ್ಲ ಎಂದದ್ದಕ್ಕೆ ಹೆಂಡತಿ ಮಾತು ಬಿಟ್ಟಿದ್ದಾಳೆ. ಬಣ್ಣ, ಸೈಲೆನ್ಸರ್ ಬದಲಿಸಿ ಬೇರೆಯೇ ಮಾಡಿಸಲೇ? ಮಾರಿಬಿಡಲೇ? ಇದು ಹೊಟ್ಟೆಕಿಚ್ಚೇ?
– ಹೆಸರು ಬೇಡ, ಶಿರಸಿ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ತೊಡಗುತ್ತೇನೆ. ಇದು ಹೊಟ್ಟೆಕಿಚ್ಚೆಂದು ನನಗೆ ಕಾಣುವುದಿಲ್ಲ. ತನ್ನಲ್ಲಿಲ್ಲದ್ದು ಪಕ್ಕದವರಲ್ಲಿ ಇದ್ದಾಗ ಹೊಟ್ಟೆಕಿಚ್ಚು ಹುಟ್ಟುತ್ತದೆ. ನಿಮ್ಮ ಶೆಡ್ಡಿನಲ್ಲಿ ನಿಂತಿರುವ ಕಾರಿನಿಂದ ಒಂದು ನಟ್ಟೂ ಕಡಿಮೆಯಾಗಿಲ್ಲ. ಹೋಗಿರುವುದು ಒಂದು ಗುರುತು. ಘಟ್ಟದ ಮೇಲಿನಿಂದ ಕಡಲವರೆಗೆ “ಆ ಕೆಂಪು ಕಾರಿನವರು” ಎಂದರೆ ಸಾಕಿತ್ತು, ಹೆಸರು ಹೇಳಬೇಕಾಗಿರಲಿಲ್ಲ. ಈಗ ಹೇಳಬೇಕಾಗಿದೆ, ಅದೂ ಹೆಂಡತಿಯ ತಮ್ಮನ ಹೆಸರು ಮುಂದೆ ಬಂದ ಮೇಲೆ. ಇಂಥ ಕಾರಿಟ್ಟುಕೊಂಡವರದ್ದೂ ಒಂದು ಕಷ್ಟವೇ ಎಂದು ಈ ಅಂಕಣದ ಓದುಗರಲ್ಲಿ ಕೆಲವರು ನಕ್ಕರೆ ನಾನು ತಡೆಯಲಾರೆ. ಆದರೆ ಇಪ್ಪತ್ತು ವರ್ಷ ಕಾದು ತಂದ ವಸ್ತುವಿನೊಡನೆ ಬಂದ ಮನ್ನಣೆ ನಾಲ್ಕೇ ವರ್ಷದಲ್ಲಿ ಹಂಚಿಹೋದರೆ ಮನಸ್ಸು ಕಹಿಯಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೆ ಆ ಗುರುತನ್ನು ನಿಮಗೆ ಕಾರು ಕೊಟ್ಟಿತ್ತು ಎಂದು ತಿಳಿದಿದ್ದರೆ ಅದರ ಜಾತಕವನ್ನು ಒಮ್ಮೆ ನೋಡುವುದು ಒಳ್ಳೆಯದು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಮಸ್ಟಾಂಗನ್ನು ಜನರ ಮುಂದಿಟ್ಟಾಗ ಅದರ ಆರಂಭಿಕ ಬೆಲೆ 2,368 ಡಾಲರ್ ಇತ್ತು. ಅದೇ ಕಂಪನಿಯ ಫಾಲ್ಕನ್ ಎಂಬ ಸಾಧಾರಣ ಕಾರಿನ ಭಾಗಗಳನ್ನೇ ಬಹಳಷ್ಟು ಬಳಸಿ, ತಿಂಗಳ ಸಂಬಳದ ಯುವಕರ ಕೈಗೂ ಎಟುಕಲಿ ಎಂದು ಮಾಡಿದ ಗಾಡಿ ಅದು. ಮೊದಲ ದಿನವೇ 22,000 ಬುಕಿಂಗ್ ಆಯಿತು, ಒಂದು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಎರಡು ವರ್ಷ ತುಂಬುವ ಮೊದಲೇ ಸಂಖ್ಯೆ ಹತ್ತು ಲಕ್ಷ ಮುಟ್ಟಿತು. 2018ರ ಆಗಸ್ಟಿನಲ್ಲಿ ಒಂದು ಕೋಟಿಯನೆಯ ಮಸ್ಟಾಂಗ್ ಮಿಶಿಗನ್ನಿನ ಕಾರ್ಖಾನೆಯಿಂದ ಹೊರಬಂತು. ಹೀಗೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಓಡಾಡಿದ್ದರಿಂದಲೇ ಅದರ ಚಿತ್ರ ಶಿರಸಿಯ ಒಬ್ಬ ಕಾಲೇಜು ಹುಡುಗನ ಕಣ್ಣಿಗೂ ಬಿತ್ತು. ನಮ್ಮಲ್ಲಿ ಅದು ಅಪರೂಪವಾಗಿದ್ದುದಕ್ಕೆ ಕಾರಣಗಳು ಬೇರೆ. ಬಲಗಡೆ ಸ್ಟೇರಿಂಗ್ ಇರುವ ಮಸ್ಟಾಂಗ್ ಕಾರ್ಖಾನೆಯಿಂದಲೇ ಬರತೊಡಗಿದ್ದು ಆರನೆಯ ತಲೆಮಾರಿನಲ್ಲಿ. 2016ರಲ್ಲಿ ಅದು ಭಾರತಕ್ಕೆ ಕಾಲಿಟ್ಟಾಗ ಆಮದು ಸುಂಕವೆಲ್ಲ ಸೇರಿ ಶೋರೂಮಿನ ಬೆಲೆ 65 ಲಕ್ಷದ ಆಸುಪಾಸಿಗೆ ಹೋಗಿತ್ತು. ಅಂದರೆ ನೀವು ನಾಲ್ಕು ವರ್ಷ ಅನುಭವಿಸಿದ ಒಂಟಿ ಗೌರವವನ್ನು ಒದಗಿಸಿದ್ದು ಕಸ್ಟಮ್ಸ್ ಇಲಾಖೆ.

ಇನ್ನೊಂದು ವಿಷಯವನ್ನು ನೀವು ಪತ್ರದಲ್ಲಿ ಬರೆದೂ ಗಮನಿಸಿದಂತಿಲ್ಲ. ದೊಡ್ಡ ಊರಿನ ಮೊದಲ ಮಾಲೀಕರು ನಾಲ್ಕೈದು ವರ್ಷ ಓಡಿಸಿ ಬೇಸರಗೊಂಡು ಮಾರುತ್ತಾರೆ, ಬೆಲೆ ಇಳಿಯುತ್ತದೆ, ಬೆಲೆ ಇಳಿದಂತೆ ಗಾಡಿಯೂ ಸಣ್ಣ ಊರುಗಳಿಗೆ ಇಳಿಯುತ್ತದೆ. ನಿಮ್ಮ ಕಾರು ಶಿರಸಿಗೆ ಬಂದದ್ದು ಇದೇ ದಾರಿಯಲ್ಲಿ, ಭಾವಮೈದುನನದು ಕಾರವಾರಕ್ಕೆ ಬಂದದ್ದೂ ಬಹುಶಃ ಇದೇ ದಾರಿಯಲ್ಲಿ. ಬೆಂಗಳೂರಿನ ಮೊದಲ ಮಾಲೀಕರ ಕಣ್ಣಿನಿಂದ ನೋಡಿದರೆ ಕಾರು “ಎಲ್ಲರ ಕೈಗೂ ಸಿಗುವಂತಾಯಿತು” ಎನ್ನುವುದಕ್ಕೆ ಮೊದಲ ಸಾಕ್ಷಿ ನೀವೇ.

ನೀವು ಅಡಿಕೆಯವರಾದ್ದರಿಂದ ನಿಮ್ಮ ಅಂಗಡಿಯ ಮಾತನ್ನೇ ಕೇಳುತ್ತೇನೆ. 2019ರಲ್ಲಿ ಸಿರ್ಸಿ ಸುಪಾರಿಗೆ ಭೌಗೋಳಿಕ ಸೂಚಕದ ಮನ್ನಣೆ ಬಂತು. ಆ ಅಡಿಕೆಯನ್ನು ಬೆಳೆಯುವ ತೋಟಗಳಿಗೆ ಲೆಕ್ಕವಿಲ್ಲ. ಪಕ್ಕದ ತೋಟದಲ್ಲೂ ಅದೇ ಬೆಳೆಯುತ್ತದೆ ಎಂಬ ಕಾರಣಕ್ಕೆ ನಿಮ್ಮ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ರುಚಿ ಕೆಟ್ಟಿತೆಂದು ನೀವು ಎಂದಾದರೂ ಹೇಳಿದ್ದೀರಾ? ವ್ಯಾಪಾರಕ್ಕೆ ಕುಳಿತಾಗ ಚೀಲದೊಳಗೆ ಕೈ ಹಾಕಿ, ನಾಲ್ಕು ಕಾಯಿ ಒಡೆದು, ಒಳಗನ್ನು ನೋಡಿ ದರ ಹೇಳುವವರು ನೀವು. ಕಾರಿನ ವಿಷಯದಲ್ಲಿ ಮಾತ್ರ ಚೀಲ ಎಷ್ಟಿದೆ ಎಂದು ಎಣಿಸುತ್ತ ಕುಳಿತಿದ್ದೀರಿ.

ಬಣ್ಣ, ಸೈಲೆನ್ಸರ್ ಬದಲಿಸುವ ಯೋಚನೆಯನ್ನು ಕೈಬಿಡಿ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಮಾಲೀಕನು ತನಗೆ ಬೇಕಾದಂತೆ ಮಾಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಬಣ್ಣ ಬದಲಿಸಿದರೆ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ನಮೂದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಅಬ್ಬರದ ಸೈಲೆನ್ಸರ್ ಹಾಕಿಸಿಕೊಂಡು ದಂಡ ಕಟ್ಟುವವರನ್ನು ನೀವೂ ನೋಡಿರಬಹುದು. ಇಷ್ಟೆಲ್ಲ ಮಾಡಿಸಿದ ಮೇಲೂ ಕಡಲತೀರದಲ್ಲಿ ಆ ಪರಿಚಯದವರು ಮತ್ತೆ ಸಿಕ್ಕರೆ “ಅವರ ಗಾಡಿ ಕೆಂಪು, ನಿಮ್ಮದು ಬೂದು” ಎಂದು ಹೇಳುತ್ತಾರೆ. ಅಳತೆಗೋಲು ಆಗಲೂ ಅವನ ಗಾಡಿಯೇ ಆಗಿರುತ್ತದೆ.

ಮಾರುವುದು ನಿಮ್ಮಿಷ್ಟ. ಇನ್ನೂ ಅಪರೂಪದ್ದನ್ನು ತರುತ್ತೇನೆಂದು ಮಾತ್ರ ಮಾರಬೇಡಿ. ಒಂದು ರಬ್ಬರ್ ಬುಶ್ಶಿಗಾಗಿ ವಾರಗಟ್ಟಲೆ ಕಾಯುತ್ತ, ಟಾರ್ಪಾಲಿನಡಿ ನಿಂತಿರುವ ಅಪರೂಪದ ಗಾಡಿಯ ಮಾಲೀಕರೊಡನೆ ಒಮ್ಮೆ ಮಾತಾಡಿ ನೋಡಿದರೆ, ಸೀಮೆಯಲ್ಲಿ ಇನ್ನೊಂದು ಅದೇ ಗಾಡಿ ಇರುವುದು ಎಂಥ ಅನುಕೂಲವೆಂದು ತಿಳಿಯುತ್ತದೆ.

ಯಾವುದನ್ನೂ ತೀರ್ಮಾನಿಸುವ ಮೊದಲು ಒಂದು ಕೆಲಸ ಮಾಡಿ. ಮಳೆಗಾಲ ಹಿಡಿಯುವ ಮುನ್ನ, ವಾರದ ನಡುವಿನ ಒಂದು ದಿನ, ಬೆಳಗಿನ ಐದೂವರೆಗೆ ಒಬ್ಬರೇ ಶೆಡ್ಡಿನ ಬಾಗಿಲು ತೆಗೆಯಿರಿ. ಇಷ್ಟು ತಗ್ಗಿನ ಗಾಡಿಯನ್ನು ಮನೆಯ ಹಾದಿಯ ಸಂಕ (ಪುಟ್ಟ ಸೇತುವೆ) ದಾಟಿಸುವಾಗ ಹೊಟ್ಟೆ ತಾಗದಂತೆ ಹಲಗೆ ಜೋಡಿಸುವ ಕಲೆ ನಿಮಗೆ ರೂಢಿಯಾಗಿರಬೇಕು. ಪೇಟೆಗೆ ಹೋಗಬೇಡಿ. ಕುಮಟಾ ದಾರಿ ಹಿಡಿದು ದೇವಿಮನೆ ಘಟ್ಟ ಇಳಿದು, ಮರಳುವಾಗ ಗಾಜು ಇಳಿಸಿ, ಆ ಐದು ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ನು ಎರಡನೆಯ ಗೇರಿನಲ್ಲಿ ತಿರುವು ಹತ್ತುವಾಗ ದರೆಗೆ ಬಡಿದು ಹಿಂದಿರುಗುವ ಸದ್ದನ್ನು ಕೇಳಿ. ಆ ಹೊತ್ತಿನಲ್ಲಿ ನಿಮ್ಮನ್ನು ನೋಡುವವರು ಹಾಲಿನ ಡಬ್ಬಿ ಹಿಡಿದು ರಸ್ತೆಬದಿಗೆ ನಿಂತ ಒಬ್ಬಿಬ್ಬರು ಮಾತ್ರ, ಅವರಿಗೂ ಡೇರಿಯ ಗಾಡಿ ಬಂತೇ ಎಂಬುದರ ಮೇಲೆಯೇ ಗಮನ. ಆಗಲೂ ಸಂತೋಷವಾದರೆ ಕಾರು ನಿಮ್ಮದು, ಇಟ್ಟುಕೊಳ್ಳಿ. ಯಾರೂ ನೋಡದ ರಸ್ತೆಯಲ್ಲಿ ಅದು ಬರೀ ಪೆಟ್ರೋಲ್ ಕುಡಿಯುವ ಯಂತ್ರವಾಗಿ ತೋರಿದರೆ ನಿಶ್ಚಿಂತೆಯಿಂದ ಮಾರಿ. ಅಂಥ ಸಂದರ್ಭದಲ್ಲಿ ನಿಮಗೆ ಬೇಕಾಗಿದ್ದದ್ದು ಜಾತ್ರೆಯ ಮಕ್ಕಳು, ಕಾರಲ್ಲ.

ಇನ್ನು ಭಾವಮೈದುನ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ಗೋಕರ್ಣದ್ದು. ನೀವು ಅದನ್ನು ದೂರಿನಂತೆ ಬರೆದಿದ್ದೀರಿ. ನಾನು ಅದನ್ನು ಕಾರಣವೆಂದು ಓದಿದೆ. ಅವನು ಕಾರನ್ನು ಕಂಡು ಮನಸೋತದ್ದು ನಿಮ್ಮ ಪಕ್ಕದ ಸೀಟಿನಲ್ಲಿ ಕುಳಿತು. ದುಡ್ಡು ಕೈಸೇರಿದಾಗ ಬೇರೆ ಕಾರು, ಬೇರೆ ಬಣ್ಣ ಎಷ್ಟೋ ಇದ್ದರೂ ಭಾವ ತಂದದ್ದನ್ನೇ, ಭಾವನ ಬಣ್ಣದಲ್ಲಿಯೇ ಹುಡುಕಿ ತಂದ. ನಿಮ್ಮನ್ನು ಮೀರಿಸುವ ಆಸೆಯಿದ್ದವನು ಅದೇ ಮಾದರಿಯನ್ನು ತರುತ್ತಿರಲಿಲ್ಲ. ಇದನ್ನು ನಾನು ಅವನ ಮನಸ್ಸನ್ನು ಬಲ್ಲವನಂತೆ ಹೇಳುತ್ತಿಲ್ಲ, ನೀವು ಕೊಟ್ಟ ಸಂಗತಿಗಳಿಂದ ಹೇಳುತ್ತಿದ್ದೇನೆ. ನಿಮ್ಮ ಮಡದಿ ಮಾತು ಬಿಟ್ಟಿರುವುದಕ್ಕೂ ಇದೇ ಕಾರಣವಿರಬಹುದು: ತಮ್ಮನ ಅಭಿಮಾನ ಅವರಿಗೆ ಕಂಡಿದೆ, ನಿಮಗೆ ಕಂಡಿಲ್ಲ.

ಜಪಾನಿನ ಮಜ್ದಾ ಕಂಪನಿ 1989ರಿಂದ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಮಾಡುತ್ತಿದೆ. ಆ ಬಗೆಯ ಕಾರುಗಳಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಅದೇ. 2016ರಲ್ಲಿ ಹತ್ತು ಲಕ್ಷದನೆಯ ಕಾರು ಹೊರಬಂದಾಗ ಅದನ್ನು ದೇಶದಿಂದ ದೇಶಕ್ಕೆ ಒಯ್ದರು, ಅದೇ ಕಾರಿಟ್ಟುಕೊಂಡ ಅಭಿಮಾನಿಗಳು ಸಾಲುಗಟ್ಟಿ ನಿಂತು ಅದರ ಮೈಮೇಲೆ ತಮ್ಮ ಸಹಿ ಹಾಕಿದರು. ಅವರಲ್ಲಿ ಯಾರಿಗೂ ತಮ್ಮದೊಂದೇ ಎಂಬ ಭ್ರಮೆ ಇದ್ದಿರಲಾರದು. ನಿಮ್ಮ ಜಿಲ್ಲೆಯಲ್ಲಿ ಟೈರಿನ ಸವೆತ, ಕಡಲಗಾಳಿಗೆ ತುಕ್ಕು ಹಿಡಿಯುವ ಜಾಗ ಇವೆಲ್ಲವನ್ನೂ ಬೇಸರವಿಲ್ಲದೆ ಗಂಟೆಗಟ್ಟಲೆ ಮಾತಾಡಬಲ್ಲ ಒಬ್ಬನೇ ಒಬ್ಬ ಮನುಷ್ಯ ನಿಮ್ಮ ಮನೆಯವನೇ ಆಗಿದ್ದಾನೆ. ಉಪ್ಪುಗಾಳಿಯ ಊರಿನಲ್ಲಿ ಅದನ್ನು ಹೇಗೆ ಮುಚ್ಚಿಡಬೇಕು, ಮಳೆಯ ಮೂರು ತಿಂಗಳು ಬ್ಯಾಟರಿಯನ್ನು ಏನು ಮಾಡಬೇಕು ಎಂದು ಅವನು ಯಾರನ್ನು ಕೇಳಬೇಕು? ಈ ವಾರವೇ ಫೋನ್ ಮಾಡಿ, ಬ್ಯಾಟರಿಯ ಮಾತಿನಿಂದ ಆರಂಭಿಸಿ.

ಗೃಹಪ್ರವೇಶಕ್ಕೆ ಹೋಗಲೇಬೇಕು. ಹಿಂದಿನ ದಿನವೇ ಹೋಗಿ, ಬಡಿಸುವುದಕ್ಕೂ ನಿಲ್ಲಿ. ಆದರೆ ಮಡದಿಯನ್ನು ಕರೆದುಕೊಂಡು ಮನೆಯ ದಿನಬಳಕೆಯ ಗಾಡಿಯಲ್ಲಿಯೇ ಹೋಗಿ. ಎರಡು ಕೆಂಪು ಕಾರುಗಳು ಒಂದೇ ಅಂಗಳದಲ್ಲಿ ನಿಂತರೆ, ಬಂದ ನೆಂಟರು ಮನೆಯನ್ನು ನೋಡುವುದನ್ನು ಬಿಟ್ಟು ಅವುಗಳ ಮುಂದೆ ನಿಂತು ಫೋಟೊ ತೆಗೆಯುತ್ತಾರೆ.