ಎಲ್ಲ ಐಪಿಎಗಳೂ ನನಗೆ ಒಂದೇ ಥರ ಕಹಿ. ಇದು ಸಿಟ್ರಾ, ಇದು ಮೊಸಾಯಿಕ್ ಅಂತ ಜನ ಹೇಗೆ ಗುರುತು ಹಿಡಿಯುತ್ತಾರೆ?

ನೀವು ಬರೆದದ್ದು ಓದಿ ನಗು ಬಂತು. ಬೆಂಗಳೂರಿನ ಬ್ರೂಪಬ್‌ಗಳಲ್ಲಿ ನಾಲ್ಕೈದು ಬಗೆಯ ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ಕುಡಿದಿರಿ, ಕಹಿ ಬಿಟ್ಟು ಬೇರೇನೂ ತಿಳಿಯಲಿಲ್ಲ, ಪಕ್ಕದ ಟೇಬಲ್‌ನವರು ಮಾತ್ರ ಮಾವು, ಪೈನ್, ಪ್ಯಾಶನ್ ಫ್ರೂಟ್ ಅಂತ ಪಟ್ಟಿ ಒದರುತ್ತಿದ್ದರು, ಅದು ಬುರುಡೆನಾ ಅಂತ ತಾನೆ ನಿಮ್ಮ ಪ್ರಶ್ನೆ? ಸ್ವಲ್ಪ ಬುರುಡೆ, ಜಾಸ್ತಿ ನಿಜ. ನಾನು ಹಾಸನದ ಕಡೆಯವನು, ಈಗ ಇರೋದು ಅಮೆರಿಕದ ಆರೆಗಾನ್‌ನಲ್ಲಿ, ಗ್ಯಾರೇಜಿನಲ್ಲಿ ಬಿಯರ್ ಮಾಡುವ ಹುಚ್ಚು ಹತ್ತಿ ಕೆಲವು ವರ್ಷ ಆಯ್ತು. ಮೊದಮೊದಲು ನನ್ನ ಕಥೆಯೂ ಇದೇ.

ಮೊದಲು ಕಹಿಯನ್ನೂ ಘಮವನ್ನೂ ಬೇರೆ ಮಾಡಿಕೊಳ್ಳಿ. ಹಾಪ್ಸ್ ಅನ್ನೋದು ಒಂದು ಬಳ್ಳಿಯ ಹೆಣ್ಣು ಹೂವು, ಸಿಟ್ರಾ, ಮೊಸಾಯಿಕ್ ಎಲ್ಲ ಅದರ ತಳಿಗಳು. ಬಿಡಿಸಿದರೆ ಎಸಳಿನ ಬುಡದಲ್ಲಿ ಹಳದಿ ಪುಡಿ ಇರುತ್ತದೆ, ಅರಿಶಿನದ ಹಾಗೆ ಬೆರಳಿಗೆ ಅಂಟುತ್ತದೆ. ಕಹಿ ಕೊಡುವ ಆಲ್ಫಾ ಆಸಿಡ್, ಘಮ ಕೊಡುವ ಎಣ್ಣೆ, ಎರಡೂ ಇರೋದು ಆ ಪುಡಿಯಲ್ಲೇ. ಆದರೆ ಆಸಿಡ್ ಚೆನ್ನಾಗಿ ಕುದ್ದರೇ ಬಿಯರಿಗೆ ಕಹಿ ಇಳಿಯೋದು, ಎಣ್ಣೆ ಕುದ್ದರೆ ಹಬೆಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸ್ 60 ನಿಮಿಷ ಕುದಿಯುತ್ತದೆ, ಘಮಕ್ಕೆ ಬೇಕಾದದ್ದು ಒಲೆ ಆರಿಸುವ ಹೊತ್ತಿಗೆ ಬೀಳುತ್ತದೆ, ಇಲ್ಲವೇ ಬಿಯರ್ ಹುಳಿಯುವಾಗ ತಣ್ಣಗಿನ ಟ್ಯಾಂಕಿಗೆ ಹೋಗುತ್ತದೆ. ಈ ಕೊನೆಯದಕ್ಕೆ ಡ್ರೈ ಹಾಪಿಂಗ್ ಅಂತಾರೆ. ಸಾರು ಇಳಿಸುವಾಗ ಕೊತ್ತಂಬರಿ ಸೊಪ್ಪು ಉದುರಿಸುತ್ತೀವಲ್ಲ, ಅದೇ ಲೆಕ್ಕ.

ಮುಂದಿನ ಸಲ ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿಯಿರಿ. ನಾಲಿಗೆಯ ಮೇಲೆ ಕಹಿ ಇರುತ್ತದೆ, ಹಣ್ಣು ಗಿಣ್ಣು ಏನೂ ಇರಲ್ಲ. ನುಂಗಿ ಮೂಗು ಬಿಡಿ. ಆಗ ಗಂಟಲ ಹಿಂದಿನಿಂದ ಮೂಗಿಗೆ ನುಗ್ಗುತ್ತಲ್ಲ, ಎಲ್ಲರೂ ಮಾತಾಡೋದು ಅದರ ಬಗ್ಗೆ. ಅಂದಹಾಗೆ ನಮಗೆ ‘ಒಗರು’ ಅನ್ನೋ ಪದ ಇರೋದು ದೊಡ್ಡ ಅನುಕೂಲ. ಮಬ್ಬಾದ, ಜ್ಯೂಸಿನಂಥ ಐಪಿಎ ಕುಡಿದ ಮೇಲೆ ಕೆಲವೊಮ್ಮೆ ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಬಾಯಿ ಒಣಗುತ್ತದೆ, ಗಂಟಲು ಕೆರೆಯುತ್ತದೆ. ಇಲ್ಲಿಯ ನನ್ನ ಗೆಳೆಯರು ಅದನ್ನೂ ಕಹಿ ಅಂತಲೇ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ. ಅದು ಕಹಿ ಅಲ್ಲ, ಒಗರು.

ಇನ್ನು ಘಮ. ನಿಮ್ಮ ತೊಂದರೆ ಮೂಗಿನದಲ್ಲ, ಪದದ್ದು. ಲೇಬಲ್ ಬರೆದವನು ಅವನ ಅಡುಗೆಮನೆಯ ಪದಗಳನ್ನು ಬರೆದಿರುತ್ತಾನೆ, ನೀವು ನಿಮ್ಮ ಅಡುಗೆಮನೆಯಲ್ಲಿ ಹುಡುಕಬೇಕು. ನನಗೆ ಇದು ಹೊಳೆದದ್ದು ಸೊರಾಚಿ ಏಸ್ ಅನ್ನೋ ಹಾಪ್ಸ್‌ನಿಂದ. ಜಪಾನಿನ ಸಪ್ಪೊರೊ ಕಂಪನಿ 1984ರಲ್ಲಿ ತಂದ ತಳಿ ಅದು. ಒಂದು ಸಂಜೆ ನಾಲ್ಕು ಜನ ಕೂತು ಒಂದೊಂದೇ ಹಾಪ್ಸ್ ಹಾಕಿದ ಬಿಯರುಗಳನ್ನು ಮೂಸುತ್ತಿದ್ದೆವು. ಇದನ್ನು ಮೂಗಿನ ಹತ್ತಿರ ತಂದ ತಕ್ಷಣ ನಾನು ಕನ್ನಡದಲ್ಲೇ ‘ಸಬ್ಬಸಿಗೆ!’ ಅಂದುಬಿಟ್ಟೆ. ಅಮ್ಮ ಸಬ್ಬಸಿಗೆ ಸೊಪ್ಪಿನ ವಡೆಗೆ ಸೊಪ್ಪು ಹೆಚ್ಚುವಾಗ ಮಣೆಯಿಂದ ಬರುವ ವಾಸನೆ, ಪಕ್ಕದಲ್ಲೇ ನಿಂಬೆ ಹಿಂಡಿದ ಹಾಗೆ. ಎದುರಿಗಿದ್ದವನು ‘ಸೌತೆಕಾಯಿ ಉಪ್ಪಿನಕಾಯಿ’ ಅಂದ. ಅವರ ಉಪ್ಪಿನಕಾಯಿಗೆ ಬೀಳೋದೂ ಸಬ್ಬಸಿಗೆಯೇ. ಇಬ್ಬರೂ ಸರಿ. ಅವತ್ತಿನಿಂದ ಈ ಒಂದು ತಳಿಯನ್ನು ಗುರುತು ಹಿಡಿಯೋದರಲ್ಲಿ ಮಾತ್ರ ನಾನು ತಪ್ಪಿಲ್ಲ.

ಹಾಗೇ ಕ್ಯಾಸ್ಕೇಡ್. ಇಲ್ಲೇ ಆರೆಗಾನ್‌ನ ಕಾರ್ವಾಲಿಸ್‌ನಲ್ಲಿ ಬೆಳೆಸಿದ ತಳಿ, 1972ರಲ್ಲಿ ಹೊರಬಂತು, ಅಮೆರಿಕದ ಪೇಲ್ ಏಲ್‌ಗೆ ಮುಖ ಕೊಟ್ಟದ್ದೇ ಅದು. ಎಲ್ಲರೂ ಗ್ರೇಪ್‌ಫ್ರೂಟ್ ಅಂತಾರೆ. ನಾನು ಊರಲ್ಲಿದ್ದಾಗ ಗ್ರೇಪ್‌ಫ್ರೂಟ್ ಕಂಡವನೇ ಅಲ್ಲ. ಆದರೆ ಅದು ಚಕ್ಕೋತ, ಕಿತ್ತಳೆ ಸೇರಿ ಹುಟ್ಟಿದ ಹಣ್ಣು. ದೇವನಹಳ್ಳಿ ಚಕ್ಕೋತ ಸುಲಿಯುವಾಗ ಸಿಪ್ಪೆಯಿಂದ ಕೈಗೆ ಸಿಡಿಯುವ ಎಣ್ಣೆ ನೆನಪಿಸಿಕೊಳ್ಳಿ, ಕ್ಯಾಸ್ಕೇಡ್ ಹತ್ತಿರ ಬಂದ ಹಾಗೇ. ಕೆಲವು ಹೋಲಿಕೆಗಳು ಸುಮ್ನೆ ಹೋಲಿಕೆ ಕೂಡ ಅಲ್ಲ. ಲಿನಲೂಲ್ ಅನ್ನೋ ವಸ್ತು ಹಾಪ್ಸ್‌ನಲ್ಲೂ ಇದೆ, ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಮಿರ್ಸೀನ್ ಹಾಪ್ಸ್‌ನಲ್ಲೂ ಇದೆ, ಮಾವಿನಲ್ಲೂ ಇದೆ. ಮಾವಿನಕಾಯಿ ತೊಟ್ಟು ಮುರಿದಾಗ ಸೊನೆ ಜಿನುಗಿ ಘಾಟು ಬರುತ್ತಲ್ಲ, ಶಿನೂಕ್ ತಳಿ ಮೂಸಿದಾಗ ನನಗೆ ಅದೇ ನೆನಪಾಗೋದು. ಬೇರೆಯವರು ಪೈನ್ ಅಂತಾರೆ, ಅನ್ನಲಿ.

ಸಿಟ್ರಾ, ಮೊಸಾಯಿಕ್ ಬೇರೆ ಮಾಡೋದು ಕಷ್ಟ. ಸಿಟ್ರಾದಲ್ಲಿ ಹಣ್ಣು ನೇರ: ನಿಂಬೆ ಜಾತಿ, ಮಾವು, ಕೊಡಗಿನ ಕಡೆಯ ಶರಬತ್ತಿನ ಹಣ್ಣು, ಅಂದರೆ ಪ್ಯಾಶನ್ ಫ್ರೂಟ್. ಮೊಸಾಯಿಕ್ 2012ರಲ್ಲಿ ಬಂದ ತಳಿ, ಸಿಮ್ಕೋ ಅನ್ನೋ ತಳಿಯ ಮಗಳು. ಅದರ ಹಣ್ಣಿನ ಹಿಂದೆ ಸ್ವಲ್ಪ ಮಣ್ಣು, ಸೊಪ್ಪು, ಅಂಟು ಇರುತ್ತದೆ, ತಾಯಿಯ ಗುಣ. ಸಿಮ್ಕೋದಲ್ಲಿ ಒಮ್ಮೊಮ್ಮೆ ಬೆಕ್ಕಿನ ಉಚ್ಚೆ ವಾಸನೆ ಬರುತ್ತದೆ, ತಮಾಷೆ ಅಲ್ಲ. ಗಂಧಕ ಇರುವ ಥಯಾಲ್ ಅನ್ನೋ ವಸ್ತುಗಳ ಕೆಲಸ ಅದು, ಒಂದು ಚೂರು ಇದ್ದರೆ ಹಣ್ಣು, ಜಾಸ್ತಿಯಾದರೆ ಬೆಕ್ಕು. ಚೆಕ್ ದೇಶದ ಸಾಝ್, ಜರ್ಮನಿಯ ಹಾಲರ್‌ಟೌ ಇವೆಲ್ಲ ಬೇರೆ ಲೋಕ, ಮೆಲ್ಲಗೆ ಹೂವು, ಹುಲ್ಲು, ಮಸಾಲೆ. ನನಗೆ ವಯಸ್ಸಾಗ್ತಾ ಇವೇ ಇಷ್ಟ ಆಗ್ತಿವೆ.

ಗ್ಲಾಸಿನ ಘಮವೆಲ್ಲ ಹಾಪ್ಸ್‌ದಲ್ಲ ಅನ್ನೋದೂ ನೆನಪಿರಲಿ. ಹೆಫೆವೈಜೆನ್ ಅನ್ನೋ ಜರ್ಮನಿಯ ಗೋಧಿ ಬಿಯರ್‌ನಲ್ಲಿ ಬರುವ ಬಾಳೆಹಣ್ಣು, ಲವಂಗ ಎರಡೂ ಯೀಸ್ಟ್ ಕೆಲಸ. ಬೆಲ್ಜಿಯನ್ ವಿಟ್ ಅನ್ನೋ ಗೋಧಿ ಬಿಯರ್‌ನಲ್ಲಿ ಕೊತ್ತಂಬರಿ ಬೀಜ ಅನ್ನಿಸಿದರೆ ಅದು ನಿಜವಾಗಿಯೂ ಕೊತ್ತಂಬರಿ ಬೀಜವೇ, ಕಿತ್ತಳೆ ಸಿಪ್ಪೆಯ ಜೊತೆ ಹಾಕಿರುತ್ತಾರೆ. ಹಳೇ ಹಾಪ್ಸ್ ಆದರೆ ಬೆವರಿದ ಕಾಲುಚೀಲದ ವಾಸನೆ. ಹಸಿರು ಬಾಟಲಿ ಬಿಸಿಲಿಗೆ ಸಿಕ್ಕರೆ ಇನ್ನೊಂದು ನಾತ, ಬೆಳಕು ಹಾಪ್ಸ್‌ನ ಕಹಿಯನ್ನೇ ಒಡೆದು ಹಾಗೆ ಮಾಡುತ್ತದೆ.

ನಾಲ್ಕು ತಳಿ ಬೆರೆಸಿದ ಐಪಿಎ ಕೊಟ್ಟು ಹೆಸರು ಹೇಳು ಅಂದರೆ ನಾನೂ ಫೇಲೇ, ಪಕ್ಕದ ಟೇಬಲ್‌ನವರೂ ಬಹುಶಃ ಬೋರ್ಡ್ ಓದಿಕೊಂಡೇ ಹೇಳಿರುತ್ತಾರೆ. ಹಾಗಾಗಿ ಒಂದೇ ಗ್ಲಾಸ್ ಹಿಡಿದು ಯೋಚಿಸುತ್ತಾ ಕೂರಬೇಡಿ. ಸಣ್ಣ ಗ್ಲಾಸಿನಲ್ಲಿ ಎರಡು ಬೇರೆ ಬೇರೆ ತರಿಸಿ, ಐಸ್‌ನಂತೆ ತಣ್ಣಗಿದ್ದರೆ ಹತ್ತು ನಿಮಿಷ ಬಿಡಿ, ಅದನ್ನೊಮ್ಮೆ ಇದನ್ನೊಮ್ಮೆ ಮೂಸಿ. ಪಕ್ಕಪಕ್ಕ ಇಟ್ಟರೇ ವ್ಯತ್ಯಾಸ ಕಾಣೋದು. ಬ್ರೂವರ್ ಕೈಗೆ ಸಿಕ್ಕರೆ ಎರಡು ಪೆಲೆಟ್ (ಒಣ ಹಾಪ್ಸ್ ಪುಡಿ ಮಾಡಿ ಒತ್ತಿದ ಗುಳಿಗೆ) ಕೇಳಿ, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಮೂಸಿ.

ಪೆಲೆಟ್ ಮನೆಗೇ ತಂದರೆ ಇನ್ನೂ ಒಳ್ಳೆಯದು. ಸಪ್ಪೆ ಲಾಗರ್ ಬಾಟಲಿಗಳನ್ನು ತೆಗೆದು, ಒಂದೊಂದಕ್ಕೆ ಒಂದೊಂದು ತಳಿಯ ಮೂರು ಪೆಲೆಟ್ ಹಾಕಿ, ಮುಚ್ಚಿ, ಮೂರು ದಿನ ಫ್ರಿಜ್‌ನಲ್ಲಿಡಿ. ನಾನು ಮೊದಲ ಸಲ ಇದನ್ನು ಮಾಡಿದ್ದು ಫ್ರಿಜ್‌ನಿಂದ ಹೊರಗೆ ಇಟ್ಟು ಬೆಚ್ಚಗಾದ ಬಾಟಲಿಯಲ್ಲಿ, ಅದೂ ಊಟದ ಟೇಬಲ್ ಮೇಲೆ. ಪೆಲೆಟ್ ಒಳಗೆ ಬಿದ್ದದ್ದೇ ತಡ, ಹಸಿರು ನೊರೆ ಉಕ್ಕಿ ಟೇಬಲ್ ದಾಟಿ ಹೆಂಡತಿಯ ಆಫೀಸ್ ಬ್ಯಾಗಿನೊಳಗೆ ಇಳಿಯಿತು. ಬಾಟಲಿ ಚೆನ್ನಾಗಿ ತಣ್ಣಗಿರಲಿ, ಒಂದು ಗುಟುಕು ಮೊದಲೇ ಕುಡಿದು ಜಾಗ ಮಾಡಿ, ಸಿಂಕ್‌ನಲ್ಲಿ ಇಟ್ಟುಕೊಂಡೇ ಹಾಕಿ.